ಹದಿನೇಳನೇ ಪ್ಲಾಟಿನ ಪಾಳೇಗಾರ

ಓದುವವರಲ್ಲಿ ಎರಡು ಬಗೆ. ಬೇಕಾದ್ದನ್ನು ಓದುವವರು ಒಂದು, ಯಾವ ಜನ್ಮಕ್ಕೂ ಬೇಡವಾದದ್ದನ್ನು ಹುಡುಕಿಕೊಂಡು ಹೋಗಿ ಓದುವವರು ಇನ್ನೊಂದು. ನಾನು ಎರಡನೆಯ ಪೈಕಿಯವನು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಔಷಧದ ಡಬ್ಬಿಯ ಮೇಲೆ ದಿನಕ್ಕೆಷ್ಟು ಮಾತ್ರೆ ಎಂದು ಬರೆದಿರುವುದನ್ನು ನಾನು ಓದುವುದಿಲ್ಲ. ಬ್ಯಾಂಕಿನಿಂದ, ಇನ್ಶೂರೆನ್ಸಿನಿಂದ ಬರುವ ಕಾಗದಗಳನ್ನು ಓದುವುದಿಲ್ಲ. ಕಂಪ್ಯೂಟರಿನಲ್ಲಿ ನಿಯಮಗಳ ಪಟ್ಟಿ ಕಂಡರೆ ಸರ್ರನೆ ಕೆಳಗಿಳಿದು 'ಒಪ್ಪಿದ್ದೇನೆ' ಎಂಬುದನ್ನು ಒತ್ತುತ್ತೇನೆ. ಆ ನಿಯಮಗಳನ್ನು ತೋರಿಸುವ ತಂತ್ರಾಂಶ ಬರೆಯುವುದೇ ನನ್ನ ಹೊಟ್ಟೆಪಾಡಾದ್ದರಿಂದ ಅದನ್ನು ಯಾರೂ ಓದುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದರೆ ಏಳುನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಯಾವನು ಯಾವನಿಂದ ಯಾವ ಷರತ್ತಿಗೆ ಜಮೀನು ಹಿಡಿದಿದ್ದ ಎಂಬುದನ್ನು ಅಡಿಟಿಪ್ಪಣಿ ಸಮೇತ ಓದಿದ್ದೇನೆ. ಅದರಿಂದ ನಮ್ಮ ಮನೆಯಲ್ಲಿ ಏನೇನಾಯಿತು ಎಂಬುದೇ ಈ ಕತೆ.

ನಾವಿದ್ದದ್ದು ಡಾಲರಿನ ದೇಶದಲ್ಲಿ, ಕ್ರಾಸ್‌ರೋಡ್ಸ್ ಎಂಬ ಬಡಾವಣೆಯ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿ. ಒಂದು ಶನಿವಾರ ನನ್ನ ಹೆಂಡತಿ ವಸುಧಾ ಅಲ್ಲಿನ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ಪರೀಕ್ಷಿಸುತ್ತಿದ್ದಾಗ ನಾನು ಪಕ್ಕದ ಹಳೇ ಪುಸ್ತಕದ ಅಂಗಡಿಗೆ ನುಗ್ಗಿದೆ. ಅಲ್ಲಿ ದಿಂಬಿನಷ್ಟು ದಪ್ಪದ, ಚರ್ಮದ ರಟ್ಟಿನ ಒಂದು ಕಾನೂನು ಪುಸ್ತಕ ಬಿದ್ದಿತ್ತು. ಕಪಾಟಿನಲ್ಲಿಟ್ಟರೆ ಬಂದವರು ನನ್ನನ್ನು ತಿಳಿದವನೆಂದು ಭಾವಿಸಲಿ ಎಂದೇ ಕೊಂಡೆ, ಸುಳ್ಳೇಕೆ ಹೇಳಲಿ. ಮನೆಗೆ ತಂದು ಒಂದು ಪುಟ ತಿರುವಿದ್ದೇ ತಪ್ಪಾಯಿತು. ಹಳೇ ಇಂಗ್ಲೆಂಡಿನಲ್ಲಿ ಜಮೀನು ಯಾರದ್ದೂ ಅಲ್ಲವಂತೆ. ಎಲ್ಲವೂ ರಾಜನದು. ಮಿಕ್ಕವರೆಲ್ಲ ಅವನಿಂದ ಹಿಡಿದವರು, ಅವರಿಂದ ಹಿಡಿದವರು, ಅವರಿಂದಲೂ ಹಿಡಿದವರು. ಹಿಡಿದದ್ದಕ್ಕೆ ಪ್ರತಿಯಾಗಿ ಒಂದು ಸೇವೆ. ಕೆಲವರು ಕುದುರೆ ಏರಿ ಯುದ್ಧಕ್ಕೆ ಹೋಗಬೇಕು, ಅದು 'ನೈಟ್ ಸರ್ವಿಸ್'. ಪಾದ್ರಿಗಳು ಧಣಿಯ ಆತ್ಮಕ್ಕಾಗಿ ಪ್ರಾರ್ಥನೆ ಮಾಡಿದರೆ ಸಾಕು, ನಮ್ಮ ಅಗ್ರಹಾರದವರ ಹಾಗೆ. ಇನ್ನು 'ಸಾರ್ಜೆಂಟಿ' ಎಂಬುದೊಂದಿದೆ, ಅದಂತೂ ಅದ್ಭುತ. ಒಬ್ಬ ಮಹಾಶಯ ಜಮೀನು ಅನುಭವಿಸುತ್ತಿದ್ದದ್ದು ರಾಜ ಹಡಗಿನಲ್ಲಿ ಹೋಗುವಾಗ ವಾಂತಿ ಬಂದರೆ ತಲೆ ಹಿಡಿದುಕೊಳ್ಳುವ ಸೇವೆಗಾಗಿ. ಇನ್ನೊಬ್ಬ ಕ್ರಿಸ್‌ಮಸ್ ದಿನ ರಾಜನೆದುರು ಒಮ್ಮೆ ಜಿಗಿದು, ಒಮ್ಮೆ ಶಿಳ್ಳೆ ಹಾಕಿ, ಮೂರನೆಯದಾಗಿ ಮಾಡಬೇಕಾಗಿದ್ದದ್ದನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ. ಹುರುಳಿಕಾಳು ಜಾಸ್ತಿ ತಿಂದವರು ಊಹಿಸಿಕೊಳ್ಳಬಹುದು.

ಇಷ್ಟು ಓದಿದ ಮೇಲೆ ನನ್ನ ಬಾಯಿಗೆ ಬೀಗ ಹಾಕುವವರು ಯಾರು? ನನ್ನ ಸ್ನೇಹಿತ ಶ್ರೀಕಂಠ ನಮ್ಮ ಪಕ್ಕದೂರಾದ ನ್ಯೂಕ್ಯಾಸಲ್‌ನಲ್ಲಿ ಮನೆ ಕೊಂಡು ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದ. ಎಲ್ಲರೂ ಸಪಾದಭಕ್ಷ್ಯದ ದ್ರಾಕ್ಷಿ ಗೋಡಂಬಿ ಹುಡುಕುತ್ತಿದ್ದಾಗ ನಾನು ಅವನ ಮನೆಯ ಪತ್ರದಲ್ಲಿ ಪೂರ್ಣ ಒಡೆತನಕ್ಕೆ ಹಳೇ ಕಾನೂನಿನ ಪದವಾದ 'ಫೀ ಸಿಂಪಲ್' ಎಂದಿರುವುದನ್ನು ತೋರಿಸಿ, "ನೋಡಪ್ಪ, ಇದು ನಿನ್ನ ಮನೆ ಅಲ್ಲ. ಪಾರಂಪರ್ಯದ ಪ್ರಕಾರ ನೀನು ಇದನ್ನ ಬರೀ ಹಿಡ್ಕೊಂಡಿದೀಯ ಅಷ್ಟೆ" ಎಂದೆ. ಬೆಳಗಿನಿಂದ ಉಪವಾಸವಿದ್ದ ಶ್ರೀಕಂಠ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. "ಗುರೂ, ಸಾಲ ತೀರೋ ತನಕ ಮೂವತ್ತು ವರ್ಷ ನಾನೇ ಹಿಡ್ಕೊಂಡಿರ್ಬೇಕು, ಸದ್ಯ ಆ ತಟ್ಟೆ ಹಿಡ್ಕೋ ನೀನು" ಎಂದು ಪ್ರಸಾದ ಹಂಚಲು ಹಚ್ಚಿದ. ಕಾರಿನಲ್ಲಿ ವಸುಧಾ, "ಆ ಪುಸ್ತಕಾನ ಎಲ್ಲಾದ್ರೂ ಮರೆತು ಬಿಟ್ಟು ಬನ್ನಿ" ಎಂದಳು.

ವಸುಧಾಳ ವಿಷಯ ಹೇಳಬೇಕು. ಮೈಸೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ಮಾಡುತ್ತಿದ್ದವಳು ಅವಳು. ನನ್ನನ್ನು ಮದುವೆಯಾಗಿ ಇಲ್ಲಿಗೆ ಬಂದಾಗ ಅವಳಿಗೆ ಸಿಕ್ಕಿದ ವೀಸಾದ ಹೆಸರೇ ಅವಲಂಬಿತರ ವೀಸಾ. ಅದರಲ್ಲಿ ಕೆಲಸ ಮಾಡುವಂತಿಲ್ಲ. ಮನೆಯ ಕರಾರು ನನ್ನ ಹೆಸರಿನಲ್ಲಿ, ಅದರಲ್ಲಿ ಅವಳು 'ಇತರ ನಿವಾಸಿ'. ಕಾರು ನನ್ನ ಹೆಸರಿನಲ್ಲಿ, ಫೋನು ನನ್ನ ಹೆಸರಿನಲ್ಲಿ. ಲೈಬ್ರರಿ ಕಾರ್ಡು ಮಾಡಿಸಲು ಹೋದರೆ ವಿಳಾಸದ ಪುರಾವೆಗೆ ಅವಳ ಹೆಸರಿಗೆ ಬಂದ ಒಂದು ಕಾಗದವೂ ಇರಲಿಲ್ಲ. ಕೆಲಸದ ಅನುಮತಿಗೆ ಹಾಕಿದ್ದ ಅರ್ಜಿಯ ಬಗ್ಗೆ ಆಗಾಗ್ಗೆ "ನನ್ನ ಪೇಪರ್ಸ್ ಏನಾಯ್ತು ರೀ?" ಎಂದು ಕೇಳುತ್ತಿದ್ದಳು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ "ಪ್ರೋಸೆಸಿಂಗ್‌ನಲ್ಲಿದೆ" ಎನ್ನುತ್ತಿದ್ದೆ. ನಿಜವಾಗಿಯೂ ಪ್ರೋಸೆಸಿಂಗ್‌ನಲ್ಲಿಯೇ ಇತ್ತು, ನಾನೇನೂ ಸುಳ್ಳು ಹೇಳಿರಲಿಲ್ಲ. ಆದರೆ ತಲೆ ಎತ್ತಿ ಹೇಳಬಹುದಿತ್ತು ಎಂದು ಈಗ ಅನ್ನಿಸುತ್ತದೆ.

ಈ ನಡುವೆ ಅವಳಿಗೆ ಸಿಕ್ಕಿದ್ದು ಸಮುದಾಯ ತೋಟ. ಪಾರ್ಕಿನ ಪಕ್ಕದ ಬಯಲನ್ನು ಹತ್ತಡಿ ಇಪ್ಪತ್ತಡಿಯ ತುಂಡುಗಳಾಗಿ ಮಾಡಿ ಅಪಾರ್ಟ್‌ಮೆಂಟಿನ ಜನಕ್ಕೆ ಹಂಚುತ್ತಾರೆ. ಅರ್ಜಿ ತುಂಬಿದ್ದು ನಾನು, ಸರದಿ ಬಂದಾಗ 'ಒಪ್ಪಿದ್ದೇನೆ' ಒತ್ತಿದ್ದು ನಾನು, ಆದ್ದರಿಂದ ಹದಿನೇಳನೇ ಪ್ಲಾಟು ನನ್ನ ಹೆಸರಿಗೆ ಬಂತು. ಅಲ್ಲಿಗೆ ನನ್ನ ಕೃಷಿ ಮುಗಿಯಿತು. ಮಳೆಯಲ್ಲಿ ನೆನೆದು ಹುಳಿ ಬಂದಿದ್ದ ಆ ಮಣ್ಣಿಗೆ ಸುಣ್ಣ ಹಾಕಿ, ಗೊಬ್ಬರ ಬೆರೆಸಿ, ರಾತ್ರೋರಾತ್ರಿ ಎಲೆ ತಿನ್ನುವ ಹೆಬ್ಬೆಟ್ಟು ದಪ್ಪದ ಬಸವನಹುಳುಗಳ ಜೊತೆ ಕಾದಾಡಿ ಮೆಂತ್ಯ, ಕೊತ್ತಂಬರಿ, ದಂಟು, ಹುರುಳಿಕಾಯಿ ಬೆಳೆದವಳು ಅವಳು. ಮೊದಲ ಸಲ ಮೆಂತ್ಯ ಕಿತ್ತು ತಂದು ಸಾರು ಮಾಡಿದ ದಿನ ಊರಿಗೆಲ್ಲ ಫೋನು ಮಾಡಿ ಹೇಳಿದ್ದಳು. ನಾನೂ "ನಮ್ಮ ತೋಟದ್ದು" ಎಂದು ಆಫೀಸಿನಲ್ಲಿ ಡಬ್ಬಿ ತೆರೆದು ತೋರಿಸಿದ್ದೆ.

ತೋಟದ ಹಂಚಿಕೆಗೆ ಒಂದು ಷರತ್ತಿತ್ತು. ಪ್ಲಾಟು ಹಿಡಿದವರು ಒಂದು ಹಂಗಾಮಿಗೆ ಎಂಟು ಗಂಟೆ ಸಾರ್ವಜನಿಕ ಕೆಲಸ ಮಾಡಬೇಕು. ದಾರಿಗೆ ಮರದ ಚಕ್ಕೆ ಹರಡುವುದು, ಬೇಲಿಯ ಕಳೆ ಕೀಳುವುದು, ಸಲಕರಣೆಯ ಶೆಡ್ಡು ಗುಡಿಸುವುದು, ಹೀಗೆ. ಮಾಡಿದ್ದನ್ನು ಶೆಡ್ಡಿನಲ್ಲಿರುವ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಇದನ್ನು ವಸುಧಾ ಹೇಳಿದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. "ಸೇವೆಗಾಗಿ ಜಮೀನು! ವಸು, ಇದು ಅದೇ! ನಾನು ಟೆನೆಂಟ್, ನನಗೊಂದು ಸೇವೆ ಇದೆ!" ಎಂದು ಕೂಗಿದೆ. "ಇದೆ, ಹೋಗಿ ಮಾಡ್ಬನ್ನಿ, ಬೂಟು ಬಾಗಿಲ ಹತ್ರಾನೇ ಇದೆ" ಎಂದಳು. ಇಷ್ಟು ದೊಡ್ಡ ಚಾರಿತ್ರಿಕ ಸಂಗತಿಯನ್ನು ಬೂಟಿನ ಮಟ್ಟಕ್ಕೆ ಇಳಿಸಿದ್ದು ನನಗೆ ಸರಿಬರಲಿಲ್ಲ. ನಾನು ಪುಸ್ತಕದ ಮೂರನೇ ಅಧ್ಯಾಯ ತೆರೆದು ಕುಳಿತೆ. ಅಲ್ಲಿ ದಾರಿ ಸಿಕ್ಕಿತು. ರಾಜನಿಂದ ಹಿಡಿದವನು ತಾನೇ ಯುದ್ಧಕ್ಕೆ ಹೋಗಬೇಕೆಂದೇನೂ ಇಲ್ಲವಂತೆ. ತನ್ನ ಜಮೀನಿನಲ್ಲಿ ಒಂದು ಭಾಗವನ್ನು ಇನ್ನೊಬ್ಬನಿಗೆ ಒಳಗೇಣಿಗೆ ಕೊಟ್ಟು ಸೇವೆಯನ್ನು ಅವನ ತಲೆಗೆ ಕಟ್ಟಬಹುದು. ಆಗ ತಾನು ನಡುವಿನ ಧಣಿ. ನಾನು ಈ ದೇಶಕ್ಕೆ ಬಂದದ್ದೂ ಹೀಗೆಯೇ. ಕಂಪನಿಯವರು ಕೆಲಸವನ್ನು ಒಬ್ಬ ಗುತ್ತಿಗೆದಾರನಿಗೆ ಕೊಟ್ಟರು, ಅವನು ಇನ್ನೊಬ್ಬನಿಗೆ ಕೊಟ್ಟ, ಅವನು ಬೆಂಗಳೂರಿನ ಒಬ್ಬನಿಗೆ ಕೊಟ್ಟ, ಕೊನೆಗೆ ಕೋಡು ಬರೆದವನು ನಾನು. ಆದ್ದರಿಂದ ಈ ಅಧ್ಯಾಯ ನನಗೆ ವಿವರಣೆಯಿಲ್ಲದೆ ಅರ್ಥವಾಯಿತು.

ಶ್ರೀಕಂಠನ ಹೊಸ ಮನೆಯ ಹಿತ್ತಲಿನಲ್ಲಿ ಆನೆಗಾತ್ರದ ಫರ್ ಮರಗಳು. ಬಿಸಿಲು ನೆಲ ಮುಟ್ಟುತ್ತಿರಲಿಲ್ಲ. ಒಂದು ಎಳೆ ಕೊತ್ತಂಬರಿಗೂ ಗತಿ ಇಲ್ಲ ಎಂದು ಗೋಳಾಡುತ್ತಿದ್ದ. ನಾನು ಅವನಿಗೆ ಅರ್ಧ ಪ್ಲಾಟು ಕೊಟ್ಟೆ. ಷರತ್ತು ಎರಡು: ನನ್ನ ಎಂಟು ಗಂಟೆ ಸೇವೆ ಅವನದು, ಮತ್ತು ಪ್ರತಿ ಭಾನುವಾರ ನನಗೊಂದು ಕಟ್ಟು ಕೊತ್ತಂಬರಿ ಸೊಪ್ಪು. ಸುಮ್ಮನೆ ಕೊಟ್ಟರೆ ಏನು ಚಂದ? ಹಳೇ ಪದ್ಧತಿಯಲ್ಲಿ ಜಮೀನು ಕೊಡುವವನು ಆ ಜಮೀನಿನ ಮೇಲೆಯೇ ನಿಂತು ಒಂದು ಹೆಂಟೆ ಮಣ್ಣನ್ನು ತೆಗೆದು ಪಡೆಯುವವನ ಕೈಗೆ ಹಾಕಬೇಕು. ಕಾಗದಪತ್ರ ಇಲ್ಲ, ಆ ಮಣ್ಣೇ ಪತ್ರ. ನಾನು ಪ್ಲಾಟಿನ ನಡುವೆ ನಿಂತು ಒದ್ದೆ ಮಣ್ಣನ್ನು ಉಂಡೆ ಮಾಡಿ ಶ್ರೀಕಂಠನ ಬೊಗಸೆಗೆ ಹಾಕಿ ಇಂಗ್ಲಿಷಿನಲ್ಲಿ ನಾಲ್ಕು ಗಂಭೀರ ಮಾತು ಹೇಳುತ್ತಿರುವಾಗ ವಸುಧಾ ನೀರಿನ ಕ್ಯಾನು ಹಿಡಿದುಕೊಂಡು ಬಂದಳು. "ಇದೇನ್ರೀ, ಪಿಂಡ ಇಡ್ತಿದೀರಾ?" ಎಂದಳು. ವಿಷಯ ತಿಳಿದಾಗ ಅವಳ ನಗು ಹೋಯಿತು. "ಅದು ನಾನು ಮೆಂತ್ಯ ಹಾಕಿದ್ದ ಪಾತಿ" ಎಂದಳು. "ಇನ್ನೊಂದು ಕಡೆ ಹಾಕಿದ್ರಾಯ್ತಲ್ಲ, ಅರ್ಧ ಇನ್ನೂ ಇದೆ" ಎಂದೆ ನಾನು, ದೊಡ್ಡ ಮನಸ್ಸಿನ ಧಣಿಯ ಹಾಗೆ. ಶ್ರೀಕಂಠ ಮಣ್ಣನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದ. ಅವಳು ಮೊಳೆತಿದ್ದ ಮೆಂತ್ಯವನ್ನು ಕಿತ್ತು ಸೆರಗಿಲ್ಲದ ಜಾಕೆಟ್ಟಿನ ಮಡಿಲಿಗೆ ಹಾಕಿಕೊಂಡಳು.

ಆ ಬೇಸಿಗೆ ನಾನು ನಿಜವಾಗಿಯೂ ಪಾಳೇಗಾರನ ಹಾಗೆ ಕಳೆದೆ. ಭಾನುವಾರ ಬೆಳಿಗ್ಗೆ ಕಾಣಿಕೆಯ ಕೊತ್ತಂಬರಿ ತಪ್ಪದೆ ಬರುತ್ತಿತ್ತು. ಅದನ್ನು ಉಪ್ಪಿಟ್ಟಿಗೆ ಹಾಕಿ, ಇದು ಕೇವಲ ಸೊಪ್ಪಲ್ಲ, ಸೊಪ್ಪಿನ ರೂಪದ ರಾಜಭಕ್ತಿ ಎಂದು ವಿವರಿಸುತ್ತ ತಿನ್ನುತ್ತಿದ್ದೆ. ತೋಟದವರಿಂದ ಬರುವ ಮಿಂಚಂಚೆಗಳನ್ನೆಲ್ಲ ಒಂದು ಬೇರೆ ಫೋಲ್ಡರಿಗೆ ಹೋಗುವಂತೆ ಮಾಡಿದ್ದೆ. ಧಣಿಗಳು ದಿನನಿತ್ಯದ ವ್ಯವಹಾರವನ್ನು ನೋಡುತ್ತ ಕೂರುವುದಿಲ್ಲವಲ್ಲ.

ಆಗಸ್ಟಿನ ಒಂದು ಸಂಜೆ ಆಫೀಸಿನಿಂದ ಬಂದಾಗ ಮನೆಯಲ್ಲಿ ಒಗ್ಗರಣೆಯ ವಾಸನೆ ಇರಲಿಲ್ಲ. ವಸುಧಾ ಊಟದ ಮೇಜಿನ ಎದುರು ಕುಳಿತಿದ್ದಳು. ಮೇಜಿನ ಮೇಲೆ ಕಿತ್ತಳೆ ಬಣ್ಣದ ಒಂದು ಪುಟ್ಟ ಬಾವುಟ. "ನಮ್ಮ ಪ್ಲಾಟಿಗೆ ಚುಚ್ಚಿದ್ರು. ಏನಿದು?" ಎಂದಳು. ನಾನು ಫೋಲ್ಡರು ತೆರೆದೆ. ಮೂರು ಪತ್ರಗಳಿದ್ದವು. ಮೊದಲನೆಯದು ನೆನಪಿನೋಲೆ, ಎರಡನೆಯದು ಎಚ್ಚರಿಕೆ. ಮೂರನೆಯದರಲ್ಲಿ, ಹದಿನೇಳನೇ ಪ್ಲಾಟಿನವರು ಒಂದು ಗಂಟೆಯ ಸೇವೆಯನ್ನೂ ಮಾಡಿಲ್ಲ, ನಿಯಮ ಮೀರಿ ಬೇರೆಯವರಿಗೆ ಜಾಗ ಕೊಟ್ಟಂತೆ ಕಾಣುತ್ತದೆ, ತಿಂಗಳ ಕೊನೆಗೆ ಖಾಲಿ ಮಾಡಬೇಕು, ಆಕ್ಷೇಪವಿದ್ದರೆ ಶನಿವಾರ ಬಂದು ಹೇಳಬಹುದು ಎಂದಿತ್ತು. ಒಳಗೇಣಿ ಕೂಡದು ಎಂದು ನಿಯಮಗಳಲ್ಲಿ ಎರಡನೇ ಸಾಲಿನಲ್ಲಿಯೇ ಬರೆದಿದ್ದರಂತೆ. ಏಳುನೂರು ವರ್ಷದ ಕಾನೂನನ್ನು ಅರೆದು ಕುಡಿದವನು ಎರಡು ಪುಟದ ನಿಯಮಗಳನ್ನು ಓದಿರಲಿಲ್ಲ.

"ಬೇಜಾರ್ ಮಾಡ್ಕೋಬೇಡ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿದ್ರಾಯ್ತು" ಎಂದು ನಾನು ಹೇಳಬಾರದಿತ್ತು. ವಸುಧಾ ಅಳುವವಳಲ್ಲ, ಅಂದೂ ಅಳಲಿಲ್ಲ. "ಬೆಳಿಗ್ಗೆ ನೀವು ಹೋದ್ಮೇಲೆ ಈ ಊರಲ್ಲಿ ನಾನು ಎದ್ದು ಹೋಗೋಕೆ ಅಂತ ಇರೋ ಜಾಗ ಅದೊಂದೇ ಕಣ್ರೀ. ಅಲ್ಲಿ ಯಾರೂ ನನ್ನನ್ನ ನಿಮ್ಮ ಹೆಂಡ್ತಿ ಅಂತ ಕರೆಯಲ್ಲ. ಅದನ್ನೂ ನೀವು ಒಂದು ಕಟ್ಟು ಸೊಪ್ಪಿಗೆ ಕೊಟ್ಬಿಟ್ರಲ್ಲ" ಎಂದಳು. ಆ ಮಾತು ನನಗೆ ನೇರವಾಗಿ ಬಡಿಯಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಶ್ರೀಕಂಠನಿಗೆ ಫೋನು ಮಾಡಿ, "ಎಂಟು ಗಂಟೆ ಏನಾಯ್ತಯ್ಯಾ?" ಎಂದು ಕೇಳಿದೆ. "ರಾವ್ ಮಾಡ್ತಿದಾನಲ್ಲ ಗುರೂ" ಎಂದ. ಯಾವ ರಾವ್? ರೆಂಟನ್‌ನಲ್ಲಿ ವಿಮಾನದ ಕಾರ್ಖಾನೆಯ ಹತ್ತಿರ ಇರುವ ಒಬ್ಬ ತೆಲುಗಿನವರಂತೆ, ಶ್ರೀಕಂಠನ ಆಫೀಸಿನವರು. ಶ್ರೀಕಂಠನಿಗೆ ಪುರುಸೊತ್ತಿಲ್ಲದೆ ತನ್ನ ಅರ್ಧವನ್ನು ಅವರಿಗೆ ಕೊಟ್ಟಿದ್ದ. ಷರತ್ತು: ಎಂಟು ಗಂಟೆ ಸೇವೆ ಮತ್ತು ವಾರಕ್ಕೆ ಎರಡು ಕಟ್ಟು ಕೊತ್ತಂಬರಿ. ಅದರಲ್ಲಿ ಒಂದನ್ನು ತಾನಿಟ್ಟುಕೊಂಡು ಇನ್ನೊಂದನ್ನು ನನಗೆ ಕಳಿಸುತ್ತಿದ್ದ. "ಮಣ್ಣು ಕೂಡ ಕೈಗೆ ಹಾಕ್ದೆ ಕಣೋ, ನೀನು ಮಾಡ್ದಂಗೇ" ಎಂದು ಬೇರೆ ಹೇಳಿದ. ರಾವ್ ಅವರಿಗೆ ಫೋನು ಮಾಡಿದೆ. ಬಹಳ ವಿನಯದ ಮನುಷ್ಯ. "ಸಾರ್, ಎಂಟು ಗಂಟೆ ಅಂತ ಶ್ರೀಕಂಠಗಾರು ಚೆಪ್ಪಿದ್ರು. ನಾನು ನನ್ನ ಗೋಂಗೂರ ಸೊಪ್ಪಿನ ಪಾತಿಯಲ್ಲಿ ಎಂಟು ಗಂಟೆಗಿಂತ ಜಾಸ್ತೀನೇ ಕೆಲ್ಸ ಮಾಡಿದೀನಿ ಸಾರ್" ಎಂದರು. ಹೀಗೆ ಕಾಣಿಕೆ ಮಾತ್ರ ಕೆಳಗಿನಿಂದ ಮೇಲಕ್ಕೆ ಸರಾಗವಾಗಿ ಹರಿದಿತ್ತು. ಯುದ್ಧಕ್ಕೆ ಒಬ್ಬನೂ ಹೋಗಿರಲಿಲ್ಲ. ಪುಸ್ತಕದ ನಾಲ್ಕನೇ ಅಧ್ಯಾಯ ತೆರೆದೆ. ಒಳಗೇಣಿಯ ಕೆಳಗೆ ಒಳಗೇಣಿ ಬೆಳೆದು, ಯಾರ ಸೇವೆ ಯಾರದೆಂದು ತಿಳಿಯದೆ ಗೋಜಲಾಗಿ, ಹದಿಮೂರನೆಯ ಶತಮಾನದ ಕೊನೆಯಲ್ಲಿಯೇ ಒಬ್ಬ ರಾಜ ಕಾನೂನು ಮಾಡಿ ಇದನ್ನೆಲ್ಲ ನಿಲ್ಲಿಸಿದನಂತೆ. ನಾನು ಮೂರನೇ ಅಧ್ಯಾಯಕ್ಕೇ ಪುಸ್ತಕ ಮುಚ್ಚಿ ಆಳಲು ಶುರುಮಾಡಿದ್ದೆ.

ಶನಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ದಪ್ಪ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ತೋಟಕ್ಕೆ ಹೋದೆ. ವಸುಧಾ ಹಿಂದೆ ಬಂದಳು. ತೋಟದ ಉಸ್ತುವಾರಿ ಮಾರ್ಜರಿ ಎಂಬ ಅಜ್ಜಿಯದು. ಎಪ್ಪತ್ತು ದಾಟಿದವರು, ಮೊಣಕಾಲುದ್ದದ ರಬ್ಬರ್ ಬೂಟು, ಉಗುರಿನಲ್ಲಿ ಮಣ್ಣು. ಶೆಡ್ಡಿನ ಬಾಗಿಲಲ್ಲಿ ಸಲಿಕೆ ಉಜ್ಜುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಪಾರಂಪರಿಕ ಭೂಹಿಡುವಳಿಯ ಹಿನ್ನೆಲೆಯಿಂದ ಮಾತು ಶುರುಮಾಡಿದೆ. ಎರಡು ವಾಕ್ಯ ಕೇಳಿ ಅವರು, "ಕ್ಷಮಿಸಿ, ನೀವು ಯಾರು?" ಎಂದರು. ಹದಿನೇಳನೇ ಪ್ಲಾಟು ನನ್ನದು ಎಂದೆ. "ಇಲ್ಲವಲ್ಲ, ಅದನ್ನು ಬೆಳೆಸುತ್ತಿರುವುದು ವಾಸೂ" ಎಂದು ನನ್ನ ಹಿಂದೆ ನೋಡಿ ಮುಖ ಅರಳಿಸಿದರು. ನನ್ನ ಹೆಂಡತಿಗೆ ಆ ತೋಟದಲ್ಲಿ ವಾಸೂ ಎಂಬ ಹೆಸರಿರುವುದು ನನಗೆ ಆಗಲೇ ಗೊತ್ತಾದದ್ದು. ಶೆಡ್ಡಿನ ಪುಸ್ತಕ ತೆರೆದು ಪ್ಲಾಟಿನ ಮುಂದೆ ಇದ್ದ ನನ್ನ ಹೆಸರನ್ನು ಕಷ್ಟಪಟ್ಟು ಓದಿ, "ಓ, ಇದು ನೀವೋ! ಯಾರಪ್ಪ ಈ ಮನುಷ್ಯ, ಒಂದು ದಿನವೂ ಕಾಣಲಿಲ್ಲ ಅಂದುಕೊಂಡಿದ್ದೆ. ವಾಸೂ ಸರದಿಗೆ ಕಾಯುವ ಪಟ್ಟಿಯಲ್ಲಿರುವವಳು, ಪ್ಲಾಟಿನವರಿಗೆ ಸಹಾಯ ಮಾಡುತ್ತಿದ್ದಾಳೆ ಅಂತ ತಿಳಿದಿದ್ದೆ" ಎಂದರು.

ಆಮೇಲೆ ತಿಳಿದ ಸಂಗತಿ ಇದು. ವಸುಧಾ ಪ್ರತಿ ಮಂಗಳವಾರ ಮಾರ್ಜರಿಯ ಜೊತೆ ಕೈಗಾಡಿ ತಳ್ಳಿ ಚಕ್ಕೆ ಹರಡಿದ್ದಳು, ಬೇಲಿಯ ಮುಳ್ಳುಬಳ್ಳಿ ಕತ್ತರಿಸಿದ್ದಳು. ಟೊಮ್ಯಾಟೊ ಎಲೆಗೆ ಬಂದ ರೋಗ ಯಾವುದೆಂದು ಸುತ್ತಲಿನ ಪ್ಲಾಟಿನವರಿಗೆಲ್ಲ ಹೇಳಿಕೊಟ್ಟಿದ್ದಳು. ಎಂಟಲ್ಲ, ಅದರ ಮೂರು ಪಟ್ಟು ಗಂಟೆ ಆಗಿರಬೇಕು. "ಹಾಗಾದರೆ ಒಂದು ದಿನವೂ ಏಕೆ ಸಹಿ ಹಾಕಲಿಲ್ಲ?" ಎಂದು ಮಾರ್ಜರಿ ಕೇಳಿದರು. "ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಹೆಸರಿಲ್ಲದವರು ಬರೆಯಬಾರದು ಅಂದುಕೊಂಡೆ" ಎಂದಳು ವಸುಧಾ. ಯಾವ ಕಾಗದದಲ್ಲಿಯೂ ಹೆಸರಿಲ್ಲದೆ ಮೂರು ವರ್ಷ ಬದುಕಿದವಳಿಗೆ ಅದು ಸಹಜವಾಗಿಯೇ ಕಂಡಿತ್ತು. ಅಲ್ಲಿ ನಿಂತಿದ್ದ ನನಗೆ ಕಂಕುಳಲ್ಲಿದ್ದ ಪುಸ್ತಕ ಬಹಳ ಭಾರವಾಯಿತು.

ಮಾರ್ಜರಿ ಹೆಚ್ಚು ಯೋಚಿಸಲಿಲ್ಲ. ನಿಯಮದ ಪ್ರಕಾರ ಒಂದೇ ಮನೆಯವರಲ್ಲಿ ಯಾರು ದುಡಿಯುತ್ತಾರೋ ಅವರ ಹೆಸರಿಗೆ ಪ್ಲಾಟು ಬದಲಾಯಿಸಬಹುದಂತೆ. ಹೊಸ ಅರ್ಜಿಯೊಂದನ್ನು ಮುಂದಿಟ್ಟು ಪೆನ್ನು ಕೊಟ್ಟರು. ವಸುಧಾ ಜಾಕೆಟ್ಟಿಗೆ ಕೈ ಒರೆಸಿಕೊಂಡು ಪೂರ್ತಿ ಹೆಸರು ಬರೆದಳು. ಬರೆದು, ಕಾಲೇಜಿನ ಹಾಜರಿ ಪುಸ್ತಕದಲ್ಲಿ ಬರೆಯುತ್ತಿದ್ದ ಅಭ್ಯಾಸಕ್ಕೆ ಪಕ್ಕದಲ್ಲಿ ಎಂ.ಎಸ್ಸಿ. ಎಂದೂ ಸೇರಿಸಿದಳು. "ಇದೇನು?" ಎಂದರು ಮಾರ್ಜರಿ. "ನನ್ನ ಡಿಗ್ರಿ. ಸಸ್ಯಶಾಸ್ತ್ರ." ಮಾರ್ಜರಿ ಕನ್ನಡಕ ಮೇಲೆ ಮಾಡಿ ಅವಳನ್ನು ಹೊಸದಾಗಿ ನೋಡಿದರು. ಈ ದೇಶಕ್ಕೆ ಬಂದ ಮೇಲೆ ಅದನ್ನು ಅವಳಿಂದ ಕೇಳಿ ತಿಳಿದುಕೊಂಡ ಮೊದಲ ಮನುಷ್ಯರು ಅವರೇ. ಶೆಡ್ಡಿನ ಇನ್ನೊಂದು ಬೀಗದ ಕೈಯನ್ನು ಮೊಳೆಯಿಂದ ತೆಗೆದು ಅವಳ ಕೈಗೆ ಕೊಟ್ಟರು. ಹಳೇ ಇಂಗ್ಲೆಂಡಿನಲ್ಲಿ ಮನೆ ಕೊಡುವಾಗ ಹೀಗೆಯೇ ಬೀಗದ ಕೈ ಕೊಡುತ್ತಿದ್ದರು, ಅದಕ್ಕೊಂದು ಹೆಸರಿದೆ, ನನಗದು ಗೊತ್ತು. ನನ್ನ ಬಾಯಿ ತೆರೆಯಿತು. ವಸುಧಾಳ ಮುಖ ನೋಡಿ ಮುಚ್ಚಿಕೊಂಡೆ.

ಅರ್ಜಿಯ ಕೆಳಗೆ ಇನ್ನೊಂದು ಕಲಂ ಇತ್ತು, 'ಪ್ಲಾಟಿಗೆ ಬರುವ ಇತರರು'. ಮಾರ್ಜರಿ ನನ್ನತ್ತ ಗಲ್ಲ ತೋರಿಸಿ, "ಇವರನ್ನು ಹಾಕೋಣವೇ?" ಎಂದು ಅವಳನ್ನು ಕೇಳಿದರು. ವಸುಧಾ ಸ್ವಲ್ಪ ಹೆಚ್ಚೇ ಹೊತ್ತು ಯೋಚಿಸಿದಳು. ಕೊನೆಗೆ ಸಹಾಯಕ ಎಂದು ಬರೆದು ನನ್ನ ಹೆಸರು ತುಂಬಿದಳು. ಶ್ರೀಕಂಠನಿಗೂ ರಾವ್ ಅವರಿಗೂ ಅವಳೇ ಫೋನು ಮಾಡಿ, ಜಾಗ ಕೊಡುವುದಿಲ್ಲ, ಮಂಗಳವಾರ ಬಂದು ಚಕ್ಕೆ ಹೊತ್ತವರಿಗೆ ಸೊಪ್ಪು ಕೊಡುತ್ತೇನೆ ಎಂದಳು. ರಾವ್ ಅವರು ರೆಂಟನ್‌ನಿಂದ ಬಸ್ಸು ಹಿಡಿದು ಬಂದರು. ಶ್ರೀಕಂಠ ಸೊಪ್ಪನ್ನು ಅಂಗಡಿಯಲ್ಲಿಯೇ ಕೊಳ್ಳುತ್ತಿದ್ದಾನೆ.

ನನ್ನ ಎಂಟು ಗಂಟೆಯನ್ನು ನಾನೇ ಮಾಡಿದೆ. ಹಳೇ ಕಾಲದಲ್ಲಿ ಜಮೀನು ಪಡೆದವನು ಬರಿ ತಲೆಯಲ್ಲಿ ಮಂಡಿಯೂರಿ, ಎರಡೂ ಕೈ ಜೋಡಿಸಿ, ಇಂದಿನಿಂದ ನಾನು ನಿಮ್ಮವನು ಎಂದು ಧಣಿಗೆ ಹೇಳಬೇಕಿತ್ತು. ಪಾರ್ಟಿಗಳಲ್ಲಿ ಇದನ್ನು ಅಭಿನಯಿಸಿ ತೋರಿಸುತ್ತಿದ್ದವನು ನಾನು. ಬೇಲಿಯ ಪಕ್ಕ ಮಂಡಿಯೂರಿ ಎರಡೂ ಕೈಯಿಂದ ಒಂದು ಹಠಮಾರಿ ಕಳೆಯನ್ನು ಎಳೆಯುತ್ತಿದ್ದಾಗ ಹಿಂದಿನಿಂದ "ಬೇರು ಸಮೇತ ಕೀಳಿ, ಮೇಲ್ಮೇಲೆ ಕಿತ್ರೆ ಪ್ರಯೋಜನ ಇಲ್ಲ" ಎಂದು ಧಣಿಯ ಅಪ್ಪಣೆಯಾಯಿತು. ದಪ್ಪ ಪುಸ್ತಕ ಈಗ ಬಾಲ್ಕನಿಯಲ್ಲಿದೆ, ಸಸಿಯ ಟ್ರೇಗೆ ಬಿಸಿಲು ಸರಿಯಾಗಿ ತಾಗುವಷ್ಟು ಎತ್ತರಕ್ಕೆ ಬೇಕಾಗಿತ್ತಂತೆ.

ಮಾರ್ಚಿನಲ್ಲಿ ಹೊಸ ಹಂಗಾಮಿನ ಅರ್ಜಿ ಅವಳ ಹೆಸರಿಗೆ ಬಂತು. ಲಕೋಟೆಯನ್ನು ಲೈಬ್ರರಿಗೆ ಒಯ್ದು ತೋರಿಸಿ ಕಾರ್ಡು ಮಾಡಿಸಿಕೊಂಡು ಬಂದಳು. ನಾನು ಎರಡೂ ಪುಟದ ನಿಯಮಗಳನ್ನು ಈ ಸಲ ಕೂತು ಓದಿದೆ. ಸಹಾಯಕರನ್ನು ಪ್ಲಾಟಿನ ಪಾಲುದಾರರನ್ನಾಗಿ ಮಾಡಿಕೊಳ್ಳಲು ಅವಕಾಶವಿದೆ, ಹಿಡುವಳಿದಾರರು ಶಿಫಾರಸು ಮಾಡಬೇಕು ಅಷ್ಟೆ. ಕಾಫಿ ಮಾಡಿಕೊಂಡು ಹೋಗಿ ಅವಳ ಮುಂದಿಟ್ಟೆ. ಬೀಜದ ಪಟ್ಟಿ ಬರೆಯುತ್ತಿದ್ದಳು. "ವಸು, ನನ್ನ ಹೆಸರು ಸೇರಿಸೋ ವಿಷಯ ಏನಾಯ್ತು?" ಎಂದು ಮೆಲ್ಲಗೆ ಕೇಳಿದೆ.

ಅವಳು ಪಟ್ಟಿಯಿಂದ ತಲೆ ಎತ್ತದೆ, "ಪ್ರೋಸೆಸಿಂಗ್‌ನಲ್ಲಿದೆ" ಎಂದಳು.